ಮೂರು ಸುತ್ತಿನ ಗಂಟು

ಪ್ರಾಣಿರೋಗ ಪರೀಕ್ಷಾ ಪ್ರಯೋಗಾಲಯ ಬಸ್ ಡಿಪೋದ ಹಿಂದೆ, ಟೈರು ಅಂಗಡಿಗೂ ಮುಚ್ಚಿಹೋದ ಪ್ರೆಸ್ಸಿಗೂ ನಡುವೆ ಇತ್ತು. ಅಷ್ಟುದ್ದದ ಹೆಸರನ್ನು ಹೇಳುವ ಗೋಜಿಗೆ ಹೋಗದೆ ಊರಿನವರು ಲ್ಯಾಬು ಎನ್ನುತ್ತಿದ್ದರು. ಎದುರಿನ ಬಸ್ ನಿಲ್ದಾಣಕ್ಕೂ ಲ್ಯಾಬ್ ಸ್ಟಾಪ್ ಎಂದೇ ಹೆಸರು. ಅಲ್ಲಿ ಇಳಿಯುವ ನೂರು ಜನರಲ್ಲಿ ತೊಂಬತ್ತೆಂಟು ಮಂದಿ ಟೈರು ಅಂಗಡಿಗೆ ಹೋಗುತ್ತಿದ್ದರು.

ಉಳಿದ ಇಬ್ಬರ ಕೈಯಲ್ಲಿ ಚೀಲ ಇರುತ್ತಿತ್ತು. ಚೀಲದಲ್ಲಿ ಸತ್ತ ಕೋಳಿ, ಇಲ್ಲವೇ ಹಸುವಿನ ರಕ್ತದ ಸೀಸೆ. ಅದನ್ನು ಅವರು ಮುಂಬಾಗಿಲ ಪಕ್ಕದ ಕಿಟಕಿಯಲ್ಲಿ ಗುಮಾಸ್ತನಿಗೆ ಕೊಡಬೇಕು. ಗುಮಾಸ್ತ ಹೆಸರನ್ನು ರಿಜಿಸ್ಟರಿನಲ್ಲಿ ಬರೆದುಕೊಂಡು, ಚೀಲಕ್ಕೆ ಒಂದು ನಂಬರಿನ ಚೀಟಿ ಅಂಟಿಸಿ, ಅದೇ ನಂಬರಿನ ಇನ್ನೊಂದು ಚೀಟಿಯನ್ನು ತಂದವರ ಕೈಗೆ ಕೊಟ್ಟು, ಗೋಡೆಯಲ್ಲಿದ್ದ ಸಣ್ಣ ಕಂಡಿಯಿಂದ ಒಳಕ್ಕೆ ತಳ್ಳುತ್ತಿದ್ದ. ರಿಜಿಸ್ಟರು ಹೊರಗೇ ಉಳಿಯುತ್ತಿತ್ತು. ಒಳಗಿನವರಿಗೆ ನಂಬರು ಬಿಟ್ಟರೆ ಬೇರೇನೂ ತಿಳಿಯಬಾರದು. ತಿಳಿದರೆ ಅದನ್ನು ಮುಟ್ಟದೆ ಇನ್ನೊಬ್ಬರಿಗೆ ಒಪ್ಪಿಸಬೇಕು. ಮಾವನ ಎಮ್ಮೆ, ಸಾಲ ಕೊಟ್ಟವನ ಕುರಿ ಎಂದೆಲ್ಲ ತಿಳಿದುಕೊಂಡು ಪರೀಕ್ಷೆ ಮಾಡಲು ಕೂತರೆ ರೋಗಕ್ಕೂ ಮುಖದಾಕ್ಷಿಣ್ಯ ಬಂದುಬಿಡುತ್ತದೆ ಎಂಬುದು ನಿಯಮ ಮಾಡಿದವರ ಭಯ.

ಒಳಗೆ ಆ ಚೀಲಗಳಿಗಾಗಿ ಕಾಯುತ್ತಿದ್ದವನು ಸೊನ್ನೆಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಹಿರಿಯ ತಂತ್ರಜ್ಞ, ಇಪ್ಪತ್ತಾರು ವರ್ಷದ ಸರ್ವಿಸು. ಪ್ರತಿ ಶನಿವಾರ ವಾರದ ವರದಿಯನ್ನು ಮುದ್ದಾದ ಅಕ್ಷರದಲ್ಲಿ ಬರೆದು ಹೊರಗಿನ ಬೋರ್ಡಿಗೆ ಅಂಟಿಸುವುದು ಅವನ ಕೆಲಸ. ಹಕ್ಕಿಜ್ವರ, ಸೊನ್ನೆ. ಹಂದಿಜ್ವರ, ಸೊನ್ನೆ. ನೆರಡಿ ರೋಗ, ಸೊನ್ನೆ. ಹೀಗೆ ಒಂಬತ್ತು ವರ್ಷ ಸತತವಾಗಿ ಸೊನ್ನೆ ಸುತ್ತಿದವನನ್ನು ಊರು ಇನ್ನೇನೆಂದು ಕರೆಯಬೇಕು? ಅವನಿಗೂ ಅದರ ಬಗ್ಗೆ ತಕರಾರಿರಲಿಲ್ಲ. ತನ್ನ ಹೆಸರು ಒಂದಪ್ಪ ಎಂದು ಬದಲಾಗುವ ದಿನ ಯಾರಿಗೂ ಒಳ್ಳೆಯದಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಏಕೆಂದರೆ ಅಂಥ ಒಂದು ದಿನವನ್ನು ಅವನು ಕಂಡಿದ್ದ.

ಅದು ಒಂಬತ್ತು ವರ್ಷದ ಹಿಂದಿನ ಮಾತು. ಲ್ಯಾಬಿನ ಮುಖ್ಯಸ್ಥೆ ಡಾಕ್ಟರಮ್ಮ ಆ ದಿನ ಕೇಂದ್ರ ಕಚೇರಿಯ ಸಭೆಗೆ ಹೋಗಿದ್ದರು. ಇನ್ನೊಬ್ಬ ತಂತ್ರಜ್ಞ ಹಲ್ಲುನೋವೆಂದು ರಜೆ ಹಾಕಿದ್ದ. ಬೆಳಗ್ಗೆ ಹತ್ತೂವರೆಗೆ ಕಂಡಿಯಿಂದ ನೂರಾ ನಲವತ್ತೇಳನೆಯ ನಂಬರಿನ ಚೀಲ ಒಳಗೆ ಬಂತು. ಅದರ ಬಾಯಿಗೆ ಹಳೆಯ ದಿಂಬಿನ ಬಟ್ಟೆಯ ಪಟ್ಟಿ ಕಟ್ಟಿತ್ತು. ಮೂರು ಸುತ್ತು, ಮೇಲೊಂದು ಕುಣಿಕೆ, ತುದಿಯನ್ನು ಮಡಿಸಿ ಒಳಕ್ಕೆ ಸಿಕ್ಕಿಸಿದ್ದು.

ಆ ಗಂಟನ್ನು ಹಾಕುತ್ತಿದ್ದವನು ಅವನ ಅಪ್ಪ. ಹಿಂಡಿ ಅಂಗಡಿಯಲ್ಲಿ ಮೂಟೆ ಕಟ್ಟುವ ಕೆಲಸ ಅವನದು. ಎಳೆದಷ್ಟೂ ಬಿಗಿಯಾಗುವ, ತಿಳಿದವರು ಮುಟ್ಟಿದರೆ ಮಾತ್ರ ಬಿಚ್ಚಿಕೊಳ್ಳುವ ಗಂಟು ಅದು. ಅಪ್ಪ ಅದನ್ನು ಎರಡೇ ಜನಕ್ಕೆ ಕಲಿಸಿ ತೀರಿಕೊಂಡಿದ್ದ. ಒಬ್ಬ ಸೊನ್ನೆಪ್ಪ; ಇಂದಿಗೂ ಬೂಟಿನ ದಾರಕ್ಕೆ ಅದನ್ನೇ ಹಾಕುತ್ತಿದ್ದ. ಇನ್ನೊಬ್ಬಳು ಅವನ ಅಕ್ಕ. ಅವಳು ಊರ ಅಂಚಿನಲ್ಲಿ ಮುನ್ನೂರು ಚಿಲ್ಲರೆ ಕೋಳಿ ಸಾಕಿಕೊಂಡಿದ್ದಳು.

ಚೀಲದ ಬಾಯನ್ನು ಕತ್ತರಿಸಬೇಕು, ಬಿಚ್ಚಬಾರದು ಎಂಬುದು ನಿಯಮ. ಅವನು ಬಿಚ್ಚಿದ.

ಪರೀಕ್ಷೆಯ ಪಟ್ಟಿಯಲ್ಲಿ ಒಂದು ಗೆರೆ ಮೂಡಿದರೆ ಕೋಳಿ ಬೇರೆ ಯಾವುದಕ್ಕೋ ಸತ್ತಿದೆ ಎಂದರ್ಥ. ಎರಡು ಗೆರೆ ಮೂಡಿದರೆ ಹಕ್ಕಿಜ್ವರ. ಎರಡು ಮೂಡಿದವು. ಇನ್ನೊಂದು ಪಟ್ಟಿ ತೆಗೆದು ನೋಡಿದ. ಮತ್ತೆ ಎರಡು. ಆಗ ಅವನು ಸ್ಟೂಲಿನ ಮೇಲೆ ಕುಳಿತು ಗೋಡೆಯ ಗಡಿಯಾರವನ್ನು ನೋಡಿದ. ಒಪ್ಪಿಸೋಣವೆಂದರೆ ಕಟ್ಟಡದಲ್ಲಿ ಇನ್ನೊಬ್ಬರಿಲ್ಲ. ‘ಮಾದರಿ ಕೆಟ್ಟಿದೆ, ಮತ್ತೆ ತನ್ನಿ’ ಎಂದು ಬರೆಯಬಹುದಿತ್ತು. ಬೇಸಿಗೆಯ ದಿನ, ಯಾರೂ ಅನುಮಾನಪಡುತ್ತಿರಲಿಲ್ಲ. ಉಳಿದ ಕೋಳಿ ಮಾರಿಕೊಳ್ಳಲು ಅಕ್ಕನಿಗೆ ಎರಡು ದಿನ ಸಿಗುತ್ತಿತ್ತು. ಎರಡು ದಿನ ರೋಗಕ್ಕೂ ಸಿಗುತ್ತಿತ್ತು. ಹನ್ನೊಂದು ನಿಮಿಷ ಕುಳಿತಿದ್ದು, ಎದ್ದು ವರದಿ ಬರೆದ.

ಸಂಜೆಯೊಳಗೆ ಬಿಳಿ ಅಂಗಿಯ ಜನ ಬಂದು ಅಕ್ಕನ ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದ ಕೋಳಿಗಳನ್ನೆಲ್ಲ ಕೊಂದು ಹೂಳಿದರು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳಂತೆ, ಅಳಲಿಲ್ಲವಂತೆ. ರೋಗ ಅವಳ ಬೇಲಿ ದಾಟಲಿಲ್ಲ. ಸೊನ್ನೆಪ್ಪ ವಾರದ ಮೇಲೆ ಹೋದಾಗ, ಆಗಿನ್ನೂ ಬದುಕಿದ್ದ ಅಮ್ಮ ಇಬ್ಬರ ನಡುವೆ ಕುಳಿತು, “ಅವನಿಗೇನೇ ಗೊತ್ತು ಪಾಪ? ನಂಬರ್ ನೋಡ್ತಾನೆ, ಬರೀತಾನೆ. ನಿನ್ನದು ಅಂತ ಕನಸು ಬಿದ್ದಿತ್ತಾ ಅವನಿಗೆ?” ಎಂದಳು. ಅಕ್ಕ ತಮ್ಮನ ಮುಖ ನೋಡಿದಳು. ತಮ್ಮ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. “ಹೂಂ, ಅವನಿಗೇನು ಗೊತ್ತು” ಎಂದಳು ಅಕ್ಕ. ಅಂದಿನಿಂದ ಮನೆಯ ಲೆಕ್ಕದಲ್ಲಿ ಅದೇ ಸತ್ಯವಾಯಿತು. ಅಕ್ಕ ಮತ್ತೆ ಮರಿ ತಂದು ಸಾಕಿದಳು, ತಮ್ಮ ಭಾನುವಾರಗಳಲ್ಲಿ ಹೋಗಿ ಊಟ ಮಾಡಿದ, ಅಮ್ಮ ನೆಮ್ಮದಿಯಾಗಿ ಸತ್ತಳು. ಒಂದು ಸಣ್ಣ ಸುಳ್ಳಿನ ಮೇಲೆ ಇಷ್ಟೊಂದು ಊಟ ನಡೆಯುವುದಾದರೆ ಅದನ್ನು ಕೆದಕಿ ನೋಡುವ ದಡ್ಡ ಯಾರು?

ಈಗ ಲ್ಯಾಬು ಮುಚ್ಚುವ ಮಾತು ಬಂದಿತ್ತು. ಕೇಂದ್ರ ಕಚೇರಿಯಿಂದ ಬಂದ ಪತ್ರದಲ್ಲಿ ಹೀಗೆ ಬರೆದಿತ್ತು: ಸದರಿ ಪ್ರಯೋಗಾಲಯವು ಕಳೆದ ಒಂಬತ್ತು ವರ್ಷಗಳಲ್ಲಿ ಯಾವುದೇ ಗಂಭೀರ ರೋಗವನ್ನು ಪತ್ತೆ ಹಚ್ಚಿರುವುದಿಲ್ಲವಾದ್ದರಿಂದ, ಅದನ್ನು ದೊಡ್ಡ ನಗರದ ಪ್ರಯೋಗಾಲಯದಲ್ಲಿ ವಿಲೀನಗೊಳಿಸುವ ಬಗ್ಗೆ ಸಾರ್ವಜನಿಕರ ಅಭಿಪ್ರಾಯವನ್ನು ಆಲಿಸಲಾಗುವುದು.

ಡಾಕ್ಟರಮ್ಮ ಪತ್ರವನ್ನು ಎರಡು ಸಲ ಓದಿ ಕನ್ನಡಕ ತೆಗೆದರು. “ರೋಗ ಇಲ್ಲ ಅಂತ ಪತ್ತೆ ಹಚ್ಚಿದ್ದೀವಲ್ಲ ರೀ, ಅದು ಲೆಕ್ಕಕ್ಕಿಲ್ವಾ? ಕಳ್ಳ ಬರಲಿಲ್ಲ ಅಂತ ಬೀಗ ಮಾರ್ತಾರಾ ಯಾರಾದರೂ?”

“ಮಾರ್ತಾರೆ ಮೇಡಂ” ಎಂದ ಸೊನ್ನೆಪ್ಪ.

ಸರ್ಕಾರಿ ನೌಕರರು ಬೀದಿಗಿಳಿದು ಪ್ರಚಾರ ಮಾಡುವಂತಿಲ್ಲ. ಆದ್ದರಿಂದ ಡಾಕ್ಟರಮ್ಮ ಸಭೆಯ ದಿನಾಂಕವನ್ನು ಬೋರ್ಡಿಗೆ ಹಾಕಿ, ಬಂದವರಿಗೆಲ್ಲ “ಬೋರ್ಡು ಓದಿದ್ರಾ?” ಎಂದು ಕೇಳತೊಡಗಿದರು. ಓದು ಬಾರದವರಿಗೆ ತಾವೇ ಓದಿ ಹೇಳಿದರು. ಅದು ಪ್ರಚಾರವಲ್ಲ, ಸಾಕ್ಷರತೆ ಎಂದು ಅವರ ವಾದ. ಆಮೇಲೆ ಒಂದು ದಿನ ಸೊನ್ನೆಪ್ಪನನ್ನು ಕರೆದು, “ನಿಮ್ಮ ಅಕ್ಕನನ್ನ ಮಾತಾಡೋಕೆ ಒಪ್ಪಿಸಿದ್ದೀನಿ” ಎಂದರು. “ಅವರ ಮಾತಿಗಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ಸ್ವಂತ ತಮ್ಮನಿಗೇ ಯಾರ ಕೋಳಿ ಅಂತ ಗೊತ್ತಾಗಲಿಲ್ಲ ಅಂದರೆ ನಮ್ಮ ನಂಬರ್ ಪದ್ಧತಿ ಎಷ್ಟು ಗಟ್ಟಿ ಇರಬೇಕು ಹೇಳಿ.”

ಸೊನ್ನೆಪ್ಪ ಬಗ್ಗಿ ಬೂಟಿನ ದಾರ ಸರಿಮಾಡಿಕೊಂಡ. ಅದು ಸರಿಯಾಗಿಯೇ ಇತ್ತು.

ಸಭೆಯ ಹಿಂದಿನ ದಿನ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಅಕ್ಕನ ಮನೆಗೆ ಹೋದ. ನಿಜ ಹೇಳಿಬಿಡಬೇಕು, ನಾಲ್ಕು ಜನರೆದುರು ಅವಳ ಬಾಯಲ್ಲಿ ಸುಳ್ಳು ಹೇಳಿಸಬಾರದು ಎಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡಿದ್ದ. ಅಕ್ಕ ಜಗಲಿಯಲ್ಲಿ ಕುಳಿತು ಮೊಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿ, ಒಡಕಿನವನ್ನು ಪಕ್ಕಕ್ಕಿಡುತ್ತಿದ್ದಳು.

“ಬಾ, ಸರಿಯಾದ ಹೊತ್ತಿಗೆ ಬಂದೆ. ಭಾಷಣ ಕೇಳು” ಎಂದವಳೇ ಮೊಟ್ಟೆ ಕೆಳಗಿಟ್ಟು ಎದ್ದು ನಿಂತಳು. “ಸಭೆಗೆ ನಮಸ್ಕಾರ. ನನ್ನ ಮುನ್ನೂರ ಹದಿನೆಂಟು ಕೋಳಿ ಸತ್ತದ್ದು ನನ್ನ ಸ್ವಂತ ತಮ್ಮನ ವರದಿಯಿಂದ. ಆದರೆ ಅವು ನನ್ನವು ಅಂತ ಅವನಿಗೆ ಗೊತ್ತಿರಲಿಲ್ಲ. ಅಂಥಾ ಕಟ್ಟುನಿಟ್ಟಿನ ಲ್ಯಾಬು ಇದು. ಹೇಗಿದೆ?”

“ಚೆನ್ನಾಗಿದೆ.”

“ಗೊತ್ತಿರಲಿಲ್ಲ ಅನ್ನೋದನ್ನ ಒತ್ತಿ ಹೇಳಲಾ?”

“ಬೇಡ. ಹಾಗೇ ಇರಲಿ.”

ಅಕ್ಕ ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. “ಇನ್ನೇನಾದರೂ ಸೇರಿಸಬೇಕಾ?”

ಅಮ್ಮ ಹೋದ ಮೇಲೆ ಅವನಿಗೆ ತವರೆಂದು ಉಳಿದದ್ದು ಆ ಜಗಲಿಯೊಂದೇ. “ಏನೂ ಬೇಡ” ಎಂದ. “ಸರಿ ಹಾಗಾದರೆ” ಎಂದು ಅಕ್ಕ ಮತ್ತೆ ಮೊಟ್ಟೆ ಕೈಗೆತ್ತಿಕೊಂಡಳು. ಸೊನ್ನೆಪ್ಪ ಒಡಕಿನ ಮೊಟ್ಟೆ ಆರು ಕಟ್ಟಿಸಿಕೊಂಡು ಮನೆಗೆ ಬಂದ.

ಸಭೆ ನಡೆದದ್ದು ಗ್ರಂಥಾಲಯದ ಹಾಲಿನಲ್ಲಿ. ಅರವತ್ತು ಕುರ್ಚಿ ಹಾಕಿದ್ದರು, ನಲವತ್ತು ಜನ ಬಂದಿದ್ದರು. ಅವರಲ್ಲಿ ಹತ್ತು ಮಂದಿ ಪೇಪರು ಓದಲು ಬಂದು ಸಿಕ್ಕಿಹಾಕಿಕೊಂಡವರು. ಕೇಂದ್ರ ಕಚೇರಿಯ ಅಧಿಕಾರಿ ತೆಳ್ಳಗಿನ ಮನುಷ್ಯ. ಎದುರಿಗೆ ಕೆಂಪು ಲಾಡಿಯ ಫೈಲು ಇಟ್ಟುಕೊಂಡು, ಯಾರು ಏನೇ ಹೇಳಿದರೂ ಬರೆದುಕೊಳ್ಳುತ್ತಿದ್ದರು.

ಮೊದಲು ಎದ್ದವನು ಟೈರು ಅಂಗಡಿಯವನು. “ಲ್ಯಾಬು ಹೋದರೆ ಲ್ಯಾಬ್ ಸ್ಟಾಪಿಗೆ ಏನಂತ ಕರೀಬೇಕು ಸಾರ್? ನನ್ನ ಅಂಗಡಿ ಬೋರ್ಡಲ್ಲಿ, ಬಿಲ್ಲಲ್ಲಿ ಎಲ್ಲಾ ‘ಲ್ಯಾಬ್ ಸ್ಟಾಪ್ ಎದುರು’ ಅಂತ ಹಾಕಿಸಿದ್ದೀನಿ” ಎಂದ. ಅಧಿಕಾರಿ ಬರೆದುಕೊಂಡರು. ನಿವೃತ್ತ ಮೇಷ್ಟ್ರೊಬ್ಬರು ಎದ್ದು, ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಗಾದೆ ಹೇಳಿ, ಅದರ ಅರ್ಥ ಹೇಳಿ, ಅರ್ಥ ಆಯಿತೇ ಎಂದು ಕೇಳಿ ಕುಳಿತರು. ಹಂದಿ ಸಾಕುವ ಹೆಂಗಸು, “ಇವರು ಸುಳ್ಳು ಹೇಳಲ್ಲ. ನಿಜ ಹೇಳೋಕೆ ಮೂರು ದಿನ ತಗೋತಾರೆ, ಅದು ಬೇರೆ ಮಾತು” ಎಂದಳು. ಇಷ್ಟು ಬೆಂಬಲ ಕಂಡು ಡಾಕ್ಟರಮ್ಮ ಕರವಸ್ತ್ರದಿಂದ ಹಣೆ ಒರೆಸಿಕೊಂಡರು.

ಆಮೇಲೆ ಅಕ್ಕ ಎದ್ದಳು. ಜಗಲಿಯಲ್ಲಿ ಹೇಳಿದ್ದನ್ನೇ ಅಕ್ಷರ ಬಿಡದೆ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಪೇಪರು ಓದುತ್ತಿದ್ದವರೂ ತಲೆ ಎತ್ತಿದರು. ಅಧಿಕಾರಿ ಮಾತ್ರ ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟರು.

“ಅಮ್ಮಾ, ನೀವು ಹೇಳಿದ್ದು ಬಹಳ ಮುಖ್ಯ” ಎಂದರು. “ಅವರಿಗೆ ಗೊತ್ತಿರಲಿಲ್ಲ, ಅದಕ್ಕೇ ನಿಜ ಬರೆದರು. ಗೊತ್ತಿದ್ದಿದ್ದರೆ?”

ಅಧಿಕಾರಿ ಉತ್ತರಕ್ಕೆ ಕಾಯದೆ ಸಭೆಯ ಕಡೆ ತಿರುಗಿದರು.

“ನಾನು ಯಾರ ಮೇಲೂ ಆಪಾದನೆ ಮಾಡ್ತಿಲ್ಲ. ಇದು ಸಣ್ಣ ಊರು. ಎಲ್ಲರೂ ಎಲ್ಲರ ನೆಂಟರು. ಇವತ್ತಲ್ಲ ನಾಳೆ ಚೀಲ ಯಾರದು ಅಂತ ಒಳಗಿನವರಿಗೆ ಗೊತ್ತಾಗಿಯೇ ಆಗುತ್ತೆ. ಗೊತ್ತಾದ ದಿನ ಏನಾಗುತ್ತೆ ಅನ್ನೋದಕ್ಕೆ ನಿಮ್ಮ ಹತ್ತಿರ ಒಂದೇ ಒಂದು ಉದಾಹರಣೆ ಇದೆಯಾ? ದೊಡ್ಡ ಊರಲ್ಲಿ ಆ ಸಮಸ್ಯೆಯೇ ಇಲ್ಲ. ಅಲ್ಲಿ ಯಾರಿಗೂ ಯಾರೂ ಗೊತ್ತಿಲ್ಲ.” ಇಷ್ಟು ಹೇಳಿ ಫೈಲಿನ ಲಾಡಿಗೆ ಕೈ ಹಾಕಿದರು.

ಡಾಕ್ಟರಮ್ಮನ ಮುಖ ಕಂದಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಸೊನ್ನೆಪ್ಪ ಎದ್ದು ನಿಂತ. ಎದ್ದದ್ದು ಯಾಕೆಂದು ಮೊದಲ ಎರಡು ಕ್ಷಣ ಅವನಿಗೂ ಸ್ಪಷ್ಟವಿರಲಿಲ್ಲ. ಅಕ್ಕನ ಕಡೆ ನೋಡಬಾರದೆಂದು ಅಧಿಕಾರಿಯ ಪೆನ್ನನ್ನೇ ನೋಡಿದ.

“ಉದಾಹರಣೆ ಇದೆ ಸಾರ್. ನನಗೆ ಗೊತ್ತಿತ್ತು.”

“ಏನು ಗೊತ್ತಿತ್ತು?”

“ಅಕ್ಕನ ಕೋಳಿ ಅಂತ. ಚೀಲಕ್ಕೆ ನಮ್ಮಪ್ಪನ ಗಂಟು ಹಾಕಿತ್ತು. ಈ ಊರಲ್ಲಿ ಅದು ಬರೋದು ನಮ್ಮಿಬ್ಬರಿಗೇ. ಕತ್ತರಿಸದೆ ಬಿಚ್ಚಿದೆ. ನಾನು ಮುಟ್ಟಬಾರದಿತ್ತು, ಬೇರೆ ಯಾರೂ ಇರಲಿಲ್ಲ. ಹನ್ನೊಂದು ನಿಮಿಷ ಸುಮ್ಮನೆ ಕೂತಿದ್ದೆ. ಆಮೇಲೆ ಬರೆದೆ.”

ಒಂಬತ್ತು ವರ್ಷದ ಭಾನುವಾರಗಳೆಲ್ಲ ಅಲ್ಲಿಗೆ ಮುಗಿದವು ಎಂದುಕೊಂಡ ಸೊನ್ನೆಪ್ಪ. ಕುಳಿತುಕೊಳ್ಳಲು ಹೋದರೆ ಕುರ್ಚಿ ಎಲ್ಲಿದೆ ಎಂದು ಕೈಯಿಂದ ತಡಕಬೇಕಾಯಿತು.

ಅಕ್ಕ ಇನ್ನೂ ನಿಂತೇ ಇದ್ದಳು. “ಸ್ವಾಮಿ, ನಾನು ಹೇಳಿದ್ದರಲ್ಲಿ ಒಂದು ಮಾತು ಹೊಡೆದುಹಾಕಿ” ಎಂದಳು. ಧ್ವನಿ ಜಗಲಿಯ ಧ್ವನಿಯಾಗಿರಲಿಲ್ಲ. “ಅವನಿಗೆ ಗೊತ್ತಿರಲಿಲ್ಲ ಅಂದೆನಲ್ಲ, ಅದು ಸುಳ್ಳು. ಗೊತ್ತಾಗಲಿ ಅಂತಲೇ ಆ ಗಂಟು ಹಾಕಿದ್ದೆ. ಮೂರು ದಿನದಿಂದ ಕೋಳಿ ಸಾಯ್ತಾ ಇದ್ದವು. ಏನು ಬಂದಿದೆ ಅಂತ ನನಗೆ ಅಂದಾಜಿತ್ತು. ಬೇರೆಯವರೆಲ್ಲ ರಬ್ಬರ್ ಬ್ಯಾಂಡ್ ಹಾಕ್ಕೊಂಡು ಹೋಗ್ತಾರೆ, ನಾನು ದಿಂಬಿನ ಬಟ್ಟೆ ಹರಿದೆ. ನಮ್ಮ ತಮ್ಮ, ನೋಡ್ತಾನೆ, ಹೇಗಾದರೂ ದಾಟಿಸ್ತಾನೆ ಅಂತ.”

ಸೊನ್ನೆಪ್ಪ ತಲೆ ಎತ್ತಿದ.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. “ಅಂದರೆ ನೀವು ನೌಕರರ ಮೇಲೆ ಪ್ರಭಾವ ಬೀರೋಕೆ ಪ್ರಯತ್ನ ಮಾಡಿದಿರಿ?”

“ಮಾಡಿದೆ. ಬರ್ಕೊಳಿ.”

“ಫಲಿಸಲಿಲ್ಲ?”

“ಮುನ್ನೂರ ಹದಿನೆಂಟು ಕೋಳಿ ಗುಂಡಿಗೆ ಹೋದವು. ಫಲಿಸಿತು ಅಂತ ಬರೀತೀರಾ?”

ಯಾರೋ ನಕ್ಕು, ನಗಬಾರದಿತ್ತೇನೋ ಎಂದು ಕೆಮ್ಮಿದರು. ಅಕ್ಕ ಈಗ ಸಭೆಯ ಕಡೆ ನೋಡುತ್ತಿರಲಿಲ್ಲ. “ಅವನಿಗೇನು ಗೊತ್ತು ಅಂತ ನಮ್ಮಮ್ಮ ಹೇಳಿದ ದಿನ ನಾನು ಹೂಂ ಅಂದುಬಿಟ್ಟೆ. ಅವನನ್ನ ಕ್ಷಮಿಸಿದೆ ಅಂತ ಎಲ್ಲರೂ ತಿಳ್ಕೊಂಡರು. ಅದಲ್ಲ. ಅವನಿಗೆ ಗೊತ್ತಿತ್ತು ಅಂದರೆ ನಾನು ಗೊತ್ತುಮಾಡಿಸಿದ್ದೂ ಹೊರಗೆ ಬರುತ್ತಲ್ಲ, ಆ ನಾಚಿಕೆ. ಪಕ್ಕದ ಮನೆಯವರ ಕೋಳಿ, ಅದರಾಚೆಯವರ ಕೋಳಿ, ಯಾವುದೂ ಆವತ್ತು ನನ್ನ ಕಣ್ಣಿಗೆ ಬೀಳಲಿಲ್ಲ. ಅವನ ಕಣ್ಣಿಗೆ ಬಿತ್ತು.” ಸೆರಗಿನಿಂದ ಮೂಗು ಒರೆಸಿಕೊಂಡು ಅಧಿಕಾರಿಯ ಕಡೆ ತಿರುಗಿದಳು. “ದೊಡ್ಡ ಊರಲ್ಲಿ ನನ್ನ ಗಂಟು ಯಾರಿಗೂ ಗೊತ್ತಾಗಲ್ಲ, ಒಪ್ಪಿದೆ. ಗೊತ್ತಾಗಿಯೂ ನಿಜ ಬರೆಯೋನು ಅಲ್ಲಿ ಇದ್ದಾನೋ ಇಲ್ಲವೋ ನನಗೆ ತಿಳೀದು. ಇಲ್ಲಿ ಇದ್ದಾನೆ. ನಾನೇ ಪರೀಕ್ಷೆ ಮಾಡಿ ನೋಡಿದ್ದೀನಿ.”

ಅಧಿಕಾರಿ ಬಹಳ ಹೊತ್ತು ಬರೆದರು. ಆಮೇಲೆ, “ಆ ಗಂಟು ಎಂಥದ್ದು? ವರದಿಯಲ್ಲಿ ವಿವರಿಸಬೇಕಾಗುತ್ತೆ” ಎಂದರು. ಅಕ್ಕ ಮೇಜಿನ ಬಳಿ ಹೋಗಿ ಫೈಲಿನ ಕೆಂಪು ಲಾಡಿಯನ್ನೇ ಎತ್ತಿ ಮೂರು ಸುತ್ತು ಸುತ್ತಿ, ಕುಣಿಕೆ ಹಾಕಿ, ತುದಿಯನ್ನು ಒಳಕ್ಕೆ ಸಿಕ್ಕಿಸಿ ತೋರಿಸಿದಳು. ಅಧಿಕಾರಿ ಮೆಚ್ಚಿ ತಲೆಯಾಡಿಸಿದರು. ನಂತರ ಬಿಚ್ಚಲು ನೋಡಿದರು. ಎಳೆದರು, ಉಗುರು ಹಾಕಿದರು. ಗ್ರಂಥಪಾಲಕ ಕತ್ತರಿ ತಂದ. ಸರ್ಕಾರಿ ಲಾಡಿ ಕತ್ತರಿಸುವಂತಿಲ್ಲ ಎಂದರು ಅಧಿಕಾರಿ. ಕೊನೆಗೆ ಸೊನ್ನೆಪ್ಪನೇ ಹಿಂದಿನ ಸಾಲಿನಿಂದ ಎದ್ದುಹೋಗಿ, ಅಕ್ಕನ ಪಕ್ಕದಲ್ಲಿ ನಿಂತು, ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಬಿಚ್ಚಿಕೊಟ್ಟ. ಅಕ್ಕ ಅವನನ್ನು ನೋಡದೆ ಹೊರಗೆ ನಡೆದಳು.

ಒಂದು ತಿಂಗಳ ಮೇಲೆ ಪತ್ರ ಬಂತು. ಮುಂದಿನ ಆದೇಶದವರೆಗೆ ಪ್ರಯೋಗಾಲಯ ಇದ್ದಲ್ಲೇ ಇರತಕ್ಕದ್ದು. ಇನ್ನು ಮೇಲೆ ಚೀಲ ಮತ್ತು ರಬ್ಬರ್ ಬ್ಯಾಂಡನ್ನು ಪ್ರಯೋಗಾಲಯವೇ ಒದಗಿಸತಕ್ಕದ್ದು. ಸಾರ್ವಜನಿಕರು ತಮ್ಮ ಸ್ವಂತ ಗಂಟುಗಳನ್ನು ಬಳಸತಕ್ಕದ್ದಲ್ಲ. ಡಾಕ್ಟರಮ್ಮ ಎಲ್ಲರಿಗೂ ಟೀ ತರಿಸಿದರು. ಟೀ ಮುಗಿದ ಮೇಲೆ ಸೊನ್ನೆಪ್ಪನ ಕೈಗೆ ಒಂದು ಮೆಮೊ ಕೊಟ್ಟರು: ಒಂಬತ್ತು ವರ್ಷದ ಹಿಂದೆ ಗುರುತು ಸಿಕ್ಕ ಮಾದರಿಯನ್ನು ನಿಯಮ ಮೀರಿ ಪರೀಕ್ಷಿಸಿದ್ದಕ್ಕೆ ಮತ್ತು ಚೀಲದ ಬಾಯಿಯನ್ನು ಕತ್ತರಿಸದೆ ಬಿಚ್ಚಿದ್ದಕ್ಕೆ ಮೂರು ದಿನದೊಳಗೆ ಲಿಖಿತ ವಿವರಣೆ ನೀಡುವುದು. “ನಿಯಮ ನಿಯಮವೇ ರೀ” ಎಂದರು, ಕಣ್ಣು ಒರೆಸಿಕೊಳ್ಳುತ್ತಾ. ಅವನು ಮಾರನೆಯ ದಿನವೇ ವಿವರಣೆ ಕೊಟ್ಟ.

ಅಕ್ಕ ಮಾತ್ರ ಬರಲಿಲ್ಲ. ಸಭೆಯಾದ ಮೇಲೆ ಆರು ಭಾನುವಾರ ಅವನು ಹೋಗಲೂ ಇಲ್ಲ. ಹೆಂಡತಿ ಕೇಳಿದ್ದಕ್ಕೆ, “ಅವಳಾಗಿ ಕರೀಲಿ” ಎಂದ. ಕರೆಯದಿದ್ದರೆ ಎಂಬ ಪ್ರಶ್ನೆಯನ್ನು ಹೆಂಡತಿ ಕೇಳಲಿಲ್ಲ, ಅವನು ತನಗೆ ತಾನೇ ದಿನಕ್ಕೆ ಹತ್ತು ಸಲ ಕೇಳಿಕೊಂಡ.

ಏಳನೆಯ ವಾರದ ಸೋಮವಾರ, ಬೆಳಗ್ಗೆ ಕೈಗವಸು ಹಾಕಿಕೊಳ್ಳುತ್ತಿದ್ದಾಗ ಕಿಟಕಿಯಾಚೆ ಅಕ್ಕ ಕಂಡಳು. ಹೊರಗಿನ ಬೆಂಚಿನ ಮೇಲೆ ಎಲ್ಲರಂತೆ ಚೀಟಿ ಹಿಡಿದು ಕುಳಿತಿದ್ದಳು. ಅಂದರೆ ಕೋಳಿ ಸತ್ತಿದೆ. ಅವನು ಕಂಡಿಯ ಬಳಿ ಓಡಿದ. ಅಷ್ಟರಲ್ಲಿ ಗುಮಾಸ್ತ ಹದಿನಾಲ್ಕು ಚೀಲಗಳನ್ನು ಒಳಕ್ಕೆ ತಳ್ಳಿ ಮುಗಿಸಿದ್ದ. ಹದಿನಾಲ್ಕೂ ಒಂದೇ ನೀಲಿ, ಹದಿನಾಲ್ಕಕ್ಕೂ ಒಂದೇ ರಬ್ಬರ್ ಬ್ಯಾಂಡು. ಅವಳದು ಯಾವುದು ಎಂದು ತಿಳಿಯಲು ದಾರಿ ಇರಲಿಲ್ಲ. ತಿರುಗಿಸಿ ನೋಡಿದ, ಏನೂ ಸಿಗಲಿಲ್ಲ.

ಹೀಗಾಗಿ ಒಂದು ಚೀಲಕ್ಕೆ ಪಡಬೇಕಿದ್ದ ಭಯವನ್ನು ಅವನು ಹದಿನಾಲ್ಕಕ್ಕೂ ಪಟ್ಟ. ಒಂದೊಂದು ಪಟ್ಟಿಯ ಮುಂದೆಯೂ ಉಸಿರು ಹಿಡಿದು ಕುಳಿತ. ಒಂದು ಗೆರೆ. ಒಂದು ಗೆರೆ. ಐದನೆಯದರಲ್ಲಿ ನೆರಳು ಬಿದ್ದು ಎರಡು ಕಂಡಂತಾಗಿ ಅಂಗಿ ಬೆವರಿಗೆ ತೊಯ್ದುಹೋಯಿತು. ತಿರುಗಿಸಿ ನೋಡಿದರೆ ಒಂದೇ. ಹದಿನಾಲ್ಕೂ ಮುಗಿಯುವ ಹೊತ್ತಿಗೆ ಗಂಟೆ ಎರಡಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ಅಷ್ಟು ದಣಿದದ್ದು ಅವನಿಗೆ ನೆನಪಿರಲಿಲ್ಲ. ವರದಿ ಬರೆದು ಕಿಟಕಿಗೆ ಕಳಿಸಿ, ಕೈ ತೊಳೆದು ಹೊರಗೆ ಬಂದ.

ಬೆಂಚಿನ ಮೇಲೆ ಅಕ್ಕ ಒಬ್ಬಳೇ ಉಳಿದಿದ್ದಳು. ಪಕ್ಕದಲ್ಲಿ ಹೋಗಿ ಕುಳಿತ. ಎದುರಿನ ನಿಲ್ದಾಣದಲ್ಲಿ ಬಸ್ಸು ನಿಂತು, ಇಳಿದವರೆಲ್ಲ ಟೈರು ಅಂಗಡಿಗೆ ಹೋದರು.

“ಏನಾಯ್ತು ನಂದು?” ಎಂದಳು ಅಕ್ಕ.

“ನಾನು ಹೇಳೋ ಹಾಗಿಲ್ಲ. ಕಿಟಕೀಲಿ ಕೇಳು.”

“ಕೇಳಿ ಆಯ್ತು, ವರದಿ ಚೀಟೀನೂ ಕೊಟ್ಟ. ನಿನ್ನ ಬಾಯಲ್ಲಿ ಕೇಳೋಣ ಅಂತ ಕೂತೆ.”

ಅವನು ಅವಳ ಕೈಯಲ್ಲಿದ್ದ ಚೀಟಿಯ ನಂಬರನ್ನು ನೋಡಿದ. ಐದನೆಯದು.

“ಸೊನ್ನೆ ಕಣಕ್ಕ” ಎಂದ.

“ಹೂಂ” ಎಂದಳು ಅಕ್ಕ. ಚೀಟಿ ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದಳು. “ಭಾನುವಾರ ಊಟಕ್ಕೆ ಬಾ.”